ಅಮ್ಮನ ಮಹಡಿ

"ಅಣ್ಣ, ಈ ಸಲ ಸ್ವಲ್ಪ ಜಾಸ್ತಿ ಬಂದಿದೆ" ಎಂದು ನಮ್ಮ ಪಂಚಾಯಿತಿಯ ಬಿಲ್ ಕಲೆಕ್ಟರ್ ನೋಟಿಸನ್ನು ಕೈಗೆ ಕೊಡದೆ ಜಗಲಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಹಾಲಿನ ಪ್ಯಾಕೆಟ್ಟಿನೊಳಗೆ ಮಡಿಸಿಟ್ಟು ತಂದಿದ್ದ ಕಾಗದ ಗರಿಗರಿಯಾಗಿತ್ತು. ತಂದ ಮನುಷ್ಯ ಪೂರಾ ನೆನೆದಿದ್ದ. ಅವನ ಹಿಮ್ಮಡಿಯ ಮೇಲೆ ಒಂದು ಇಂಬಳ ನೆಮ್ಮದಿಯಾಗಿ ಊಟಕ್ಕೆ ಕೂತಿತ್ತು. ತೋರಿಸೋಣ ಅಂದುಕೊಂಡೆ. ನೋಟಿಸಿನ ಕೊನೆಯ ಸಾಲು ಓದಿದ ಮೇಲೆ ತೋರಿಸುವ ಮನಸ್ಸಾಗಲಿಲ್ಲ.

ಹೋದ ವರ್ಷ ಮನೆ ಕಂದಾಯ ಅಂತ ಕಟ್ಟಿದ್ದು 1,139 ರೂಪಾಯಿ. ಈ ಸಲ 9,648.

ಅಸಲು ಕಂದಾಯ 7,200. ಅದರ ಬೆನ್ನಿಗೆ ಆರೋಗ್ಯ ಕರ ಶೇಕಡಾ 15, ಶಿಕ್ಷಣ ಕರ 10, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಮದುವೆಗೆ ಒಬ್ಬರನ್ನು ಕರೆದರೆ ನಾಲ್ಕು ಜನ ಜೊತೆಗೆ ಬರುವ ಹಾಗೆ. ಗ್ರಂಥಾಲಯಕ್ಕೆ 432 ರೂಪಾಯಿ. ಅಷ್ಟು ದುಡ್ಡಿನಲ್ಲಿ ನಾನೇ ಎರಡು ಪುಸ್ತಕ ಕೊಂಡು ಓದದೆ ಇಡಬಹುದಿತ್ತು. ಭಿಕ್ಷುಕರ ಬಾಬ್ತು 216. ಅದರ ಬಗ್ಗೆ ಮಾತ್ರ ನನಗೆ ತಕರಾರಿರಲಿಲ್ಲ. ಹೀಗೇ ಮುಂದುವರಿದರೆ ಅದು ನನ್ನದೇ ಉಳಿತಾಯ ಖಾತೆ.

ಚಿಂತೆ ಹತ್ತಿಸಿದ್ದು ಅಳತೆ. ನೆಲ ಅಂತಸ್ತು 1,450 ಚದರ ಅಡಿ, ಸರಿ. ಮೊದಲ ಅಂತಸ್ತು 1,450. ವಾಣಿಜ್ಯ ಕಟ್ಟಡ 2,400. ಇತರೆ 24. ಒಟ್ಟು 5,324 ಚದರ ಅಡಿ. ಮಂಗಳೂರು ಹೆಂಚಿನ ಒಂಟಿ ಮನೆ ನಮ್ಮದು. ಬಾಳ್ಳುಪೇಟೆಗೂ ಆಲೂರಿಗೂ ನಡುವೆ, ಎರಡೂ ಕಡೆಯವರು 'ಅದು ಆ ಕಡೆ' ಎನ್ನುವ ಒಂದು ಗುಡ್ಡದ ಮಗ್ಗುಲಲ್ಲಿದೆ. ಆ ಮನೆಯ ತಲೆಯ ಮೇಲೆ ಇನ್ನೊಂದು ಮನೆ ಯಾವಾಗ ಬೆಳೆಯಿತು? ಮಳೆಯಲ್ಲೇ ಅಂಗಳಕ್ಕಿಳಿದು ಕತ್ತೆತ್ತಿ ನೋಡಿದೆ. ಹೆಂಚು, ಹೆಂಚಿನ ಮೇಲೆ ಪಾಚಿ, ಪಾಚಿಯ ಮೇಲೆ ಮಂಜು. ಮೊದಲ ಅಂತಸ್ತು ಇದ್ದರೆ ಅದು ಮಂಜಿನೊಳಗೇ ಇರಬೇಕು.

"ಯಾರಪ್ಪ ಅಳತೆ ಮಾಡಿದ್ದು?"

"ಹೋದ ಬೇಸಗೇಲಿ ಹುಡುಗರು ಬಂದಿದ್ರಲ್ಲ ಅಣ್ಣ, ಸರ್ವೇಗೆ. ನೀವು ಹಾಸನಕ್ಕೆ ಮದುವೆಗೆ ಹೋಗಿದ್ರಿ. ಅಜ್ಜಿ ಹೇಳಿದ್ದನ್ನ ಬರಕೊಂಡ್ರಂತೆ."

ಅಜ್ಜಿ ಎಂದರೆ ನಮ್ಮಮ್ಮ. ಒಳಗಿನಿಂದ ಅಮ್ಮನ ದನಿ ಬಂತು. "ಹೌದಪ್ಪ, ಪಾಪ ಬಿಸಿಲಲ್ಲಿ ಬಂದಿದ್ವು ಮಕ್ಕಳು. ಒಂದಕ್ಕೆ ಸುಸ್ತಾಗಿ ಕೂತಲ್ಲೇ ತೂಕಡಿಸ್ತಿತ್ತು. ಕಾಫಿ ಕೊಟ್ಟೆ. ಟೇಪು ಎಳೆಯೋದು ಬೇಡ, ನಾನೇ ಹೇಳ್ತೀನಿ ಅಂದೆ."

ಎಲ್ಲವೂ ಅರ್ಥವಾಯಿತು.

ನಮ್ಮಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ತವರಿನಲ್ಲಿ ಹೇಳಿದ್ದರಂತೆ, 'ಮಹಡಿ ಮನೆಗೆ ಕೊಡ್ತಿದ್ದೀವಿ' ಎಂದು. ಬಂದು ನೋಡಿದರೆ ಇದ್ದದ್ದು ಅಟ್ಟ. ಏಣಿ ಹಾಕಿ ಹತ್ತಬೇಕು, ಹತ್ತಿದ ಮೇಲೆ ನಿಲ್ಲುವ ಹಾಗಿಲ್ಲ, ಕುಕ್ಕರಗಾಲಲ್ಲಿ ಸರಿಯಬೇಕು. ಬಾಳೆಗೊನೆ, ಏಲಕ್ಕಿ ಮೂಟೆ, ಒಡೆದ ತೊಟ್ಟಿಲು, ಅಪ್ಪನ ಹಳೇ ಕಂಬಳಿ, ಎರಡು ತಲೆಮಾರಿನ ಇಲಿಗಳು ಅಲ್ಲಿವೆ. ಆದರೆ ತವರಿನ ಮಾತು ಸುಳ್ಳಾಗಬಾರದಲ್ಲ. ಅಂದಿನಿಂದ ಇಂದಿನವರೆಗೆ ಅಮ್ಮ ಅದನ್ನು ಮಹಡಿ ಎಂದೇ ಕರೆದಿದ್ದಾಳೆ. ಸರ್ವೇ ಹುಡುಗರು ಮಹಡಿ ಇದೆಯಾ ಅಜ್ಜಿ ಎಂದು ಕೇಳಿದರೆ ಅರವತ್ತು ವರ್ಷದ ಮಾತನ್ನು ಆಕೆ ಬದಲಾಯಿಸುತ್ತಾಳೆಯೇ?

ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ತೆರಿಗೆ ಅಂತ ಒಂದಿತ್ತು. ಮನೆಗೆ ಕಿಟಕಿ ಎಷ್ಟೋ ಅಷ್ಟು ತೆರಿಗೆ. ಜನ ಇಟ್ಟಿಗೆ ತಂದು ಕಿಟಕಿ ಮುಚ್ಚಿ ಕತ್ತಲೆಯಲ್ಲಿ ಕೂತರಂತೆ. ಹಾಗೆ ಮುಚ್ಚಿದ ಕಿಟಕಿಗಳು ಇಂದಿಗೂ ಅಲ್ಲಿನ ಹಳೇ ಮನೆಗಳಲ್ಲಿ ಕಾಣುತ್ತವೆ. ನಮ್ಮಮ್ಮ ಅಲ್ಲಿ ಹುಟ್ಟಿದ್ದರೆ ಅಧಿಕಾರಿಯನ್ನು ಕೈಹಿಡಿದು ಕರೆದೊಯ್ದು, 'ಇದೊಂದು ನಿಮ್ಮ ಕಣ್ಣಿಗೆ ಬೀಳಲಿಲ್ಲ ನೋಡಿ' ಎಂದು ಬಚ್ಚಲಿನ ಗವಾಕ್ಷಿಯನ್ನೂ ಬರೆಸಿರುತ್ತಿದ್ದಳು.

ಇನ್ನು 2,400 ಚದರ ಅಡಿಯ ವಾಣಿಜ್ಯ ಕಟ್ಟಡ. ಅದು ನಮ್ಮ ಕಾಫಿ ಕಣ. ಅರವತ್ತಕ್ಕೆ ನಲವತ್ತು ಅಡಿ, ಸಿಮೆಂಟು ಬಳಿದ ನೆಲ. ಗೋಡೆಯಿಲ್ಲ, ಸೂರಿಲ್ಲ, ಬಾಗಿಲಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅದರ ಮೇಲೆ ಹಣ್ಣು ಹರವಿ, ದಿನಕ್ಕೆ ನಾಲ್ಕು ಸಲ ಕೆದಕಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತೇವೆ. ಉಳಿದ ತಿಂಗಳು ಅದು ಪಾಚಿಯದು. ಸರ್ವೇ ಹುಡುಗರಿಗೆ ಅಮ್ಮ ಅದನ್ನೂ ಸುಮ್ಮನೆ ಕಣ ಎನ್ನಲಿಲ್ಲ. 'ನಮ್ಮ ವ್ಯಾಪಾರ ಎಲ್ಲ ಇಲ್ಲೇ ಆಗೋದು' ಅಂದಳಂತೆ. ವ್ಯಾಪಾರ ಅಂದಮೇಲೆ ವಾಣಿಜ್ಯ. ವಾಣಿಜ್ಯಕ್ಕೆ ವಸತಿಗಿಂತ ದರ ಹೆಚ್ಚು. 'ಇತರೆ 24' ಯಾವುದೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಆರಕ್ಕೆ ನಾಲ್ಕು. ಕೊನೆಗೆ ನಾಯಿಗೂಡಿನ ಮುಂದೆ ನಿಂತಾಗ ಹೊಳೆಯಿತು. ನಾಯಿ ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಊರಲ್ಲಿ ಸ್ವಂತ ಹೆಸರಿಲ್ಲದೆ ಕಂದಾಯಕ್ಕೆ ಒಳಪಟ್ಟ ಏಕೈಕ ಜೀವ.

ನಮ್ಮ ಕಡೆ ಯಾವುದೇ ತಕರಾರು ಅರ್ಜಿ ಹಾಕಬೇಕಾದರೆ ತಾಲ್ಲೂಕು ಕಚೇರಿಯ ಮುಂದೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೂತಿರುವ ಅರ್ಜಿ ಬರೆಯುವವರ ಹತ್ತಿರ ಹೋಗಬೇಕು. ನಾನು ಹೋದವರು ನಿವೃತ್ತ ಮೇಷ್ಟ್ರು. ಅಕ್ಷರ ಮುತ್ತು. ನನ್ನ ಕಥೆಯನ್ನೆಲ್ಲ ಕೇಳಿ ನೋಟಿಸನ್ನು ಕನ್ನಡಕದ ಮೇಲಿನಿಂದೊಮ್ಮೆ ಕೆಳಗಿನಿಂದೊಮ್ಮೆ ನೋಡಿದರು.

"ದರ ಜಾಸ್ತಿಯಾಯ್ತು ಅಂತ ಬರೆಯೋದು ಬೇಡ. ಮಾರ್ಗಸೂಚಿ ಬೆಲೆ 2023ರ ಅಕ್ಟೋಬರ್‌ನಲ್ಲೇ ರಾಜ್ಯಕ್ಕೆಲ್ಲ ಏರಿಸಿದ್ದಾರೆ. ಅದು ಪಂಚಾಯಿತಿ ಕೈಲಿಲ್ಲ. ನೀವು ಅಳತೆ ತಪ್ಪು ಅನ್ನಿ, ಬಳಕೆ ತಪ್ಪು ಅನ್ನಿ, ಕಟ್ಟಡದ ವಯಸ್ಸು ತಪ್ಪು ಅನ್ನಿ. ಈ ಮೂರಕ್ಕೆ ಅವರು ಬಂದು ನೋಡಲೇಬೇಕು."

ಇಷ್ಟು ಸ್ಪಷ್ಟವಾಗಿ ನನಗೆ ಯಾವ ವಕೀಲನೂ ಹೇಳಿರಲಿಲ್ಲ. ಯಾವ ವಕೀಲನೂ 150 ರೂಪಾಯಿಗೂ ಹೇಳಿರಲಿಲ್ಲ.

"ಮನೆ ಸ್ಥಿತಿ ಹೇಗಿದೆ?"

"ಚೆನ್ನಾಗಿದೆ ಮೇಷ್ಟ್ರೇ."

ಪೆನ್ನು ಕೆಳಗಿಟ್ಟರು. "ಈ ಮಾತು ಇನ್ನೊಂದು ಸಲ ಬಾಯಲ್ಲಿ ಬರಬಾರದು. ಶಿಥಿಲಾವಸ್ಥೆ ಅಂತ ಹಾಕ್ತೀನಿ." ಬರೆಯಲು ಹೋಗಿ ಮತ್ತೆ ನಿಲ್ಲಿಸಿದರು. "ಪೂರ್ತಿ ಶಿಥಿಲ ಅಂದ್ರೆ ಕೆಡವಿ ಅಂತ ನೋಟಿಸ್ ಬಂದರೂ ಬಂತು. ಭಾಗಶಃ ಅನ್ನೋಣ."

ಅಲ್ಲಿ ಕೂತು ಯೋಚಿಸಿದೆ. ಎರಡು ವರ್ಷದ ಹಿಂದೆ ಬ್ಯಾಂಕಿನ ಸಾಲಕ್ಕೆ ಮೌಲ್ಯಮಾಪಕರು ಬಂದಿದ್ದಾಗ ಇದೇ ನಾನು ಗೋಡೆಗೆ ಸುಣ್ಣ ಹೊಡೆಸಿ, ಕಂಬಗಳಿಗೆ ಎಣ್ಣೆ ಸವರಿಸಿ, 'ಬೀಟೆ ಮರ ಸಾರ್, ಇಂಥದ್ದು ಇವತ್ತು ಕಣ್ಣಿಗೂ ಸಿಗಲ್ಲ' ಅಂದಿದ್ದೆ. ಅವರು 'ಉತ್ತಮ ಸ್ಥಿತಿ' ಎಂದು ಬರೆದುಕೊಟ್ಟಿದ್ದರು. ಅದಕ್ಕೂ ಹಿಂದೆ, 2019ರ ಆಗಸ್ಟ್ ಮಳೆಗೆ ಹಿಂಬದಿ ಗೋಡೆ ಹೊಟ್ಟೆ ಬಿಟ್ಟಾಗ ಪರಿಹಾರಕ್ಕೆ ಅರ್ಜಿ ಹಾಕಿದ್ದೆ. ಆಗ ನೋಡಲು ಬಂದವರಿಗೆ ಈ ಮನೆ ಇನ್ನೇನು ನಾಳೆ ಬೆಳಗ್ಗೆ ಹೇಮಾವತಿ ಸೇರುತ್ತದೆ ಎಂಬಂತೆ ವರ್ಣಿಸಿದೆ. ಅವರು ಗೋಡೆಗೆ ಕೈಯಲ್ಲಿ ಎರಡು ಸಲ ತಟ್ಟಿ, 'ಇನ್ನೂ ನೂರು ವರ್ಷ ಏನಾಗಲ್ಲ ಗೌಡ್ರೇ' ಎಂದು ಆಶೀರ್ವಾದ ಮಾಡಿ ಹೋದರು. ಒಂದೇ ಮನೆ, ಮೂರು ಜಾತಕ. ಮೂರಕ್ಕೂ ನನ್ನದೇ ಸಹಿ.

ಮೇಷ್ಟ್ರು ಕಾನೂನನ್ನೂ ಹಾಕಿಕೊಟ್ಟರು. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿ ತೆರಿಗೆ ಹಾಕಬಹುದಾದ್ದು ಕಟ್ಟಡಗಳಿಗೆ ಮತ್ತು ವ್ಯವಸಾಯದ ಕಂದಾಯಕ್ಕೆ ಒಳಪಡದ ಜಮೀನಿಗೆ. ಕಣ ಇರುವುದು ಪಹಣಿಯಲ್ಲಿ ಕಾಫಿ ಅಂತ ಇರುವ ಸರ್ವೇ ನಂಬರಿನಲ್ಲಿ. 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣ ರೈತ ತನ್ನ ಸಾಗುವಳಿಗೆ ಬೇಕಾದ ಕಟ್ಟಡ, ಬಾವಿ, ಕೆರೆ ಮಾಡಿಕೊಳ್ಳಬಹುದು ಅನ್ನುತ್ತದೆ. ಸೂರೇ ಇಲ್ಲದ ಕಣ ಇದಕ್ಕಿಂತ ಹೆಚ್ಚೇನು? ಈ ಎರಡು ಪ್ರಕರಣಗಳನ್ನು ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದೆ. ಪಕ್ಕದಲ್ಲಿ ಕೂತಿದ್ದವರು ಮಂತ್ರ ಅಂದುಕೊಂಡು ಜಾಗ ಬಿಟ್ಟು ಕೂತರು.

ಹಾಗೆ ನೋಡಿದರೆ ನಮ್ಮ ಜಿಲ್ಲೆಗೆ ಕಂದಾಯದ ಕಾಗದಪತ್ರ ಹೊಸದಲ್ಲ, ಹಿಂದೆ ಕಲ್ಲಿನ ಮೇಲೆ ಬರೆಯುತ್ತಿದ್ದರು ಅಷ್ಟೆ. ಬಿ. ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ತುಂಬ ಹಾಸನ ಜಿಲ್ಲೆಯ ಶಾಸನಗಳು. ಆ ಕಾಲದ ಶಾಸನಗಳಲ್ಲಿ ಮನೆದೆರೆ, ಗಾಣದೆರೆ, ಮಗ್ಗದೆರೆ ಎಲ್ಲ ಬರುತ್ತವೆ. ದಾನದ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವೂ ಬರುತ್ತದೆ. ನನ್ನ ನೋಟಿಸಿನಲ್ಲಿ ಬರೀ ದಂಡ ಮತ್ತು ಜಪ್ತಿ. ಕಾಲ ಎಷ್ಟೋ ಮೃದುವಾಗಿದೆ.

ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ಕೊಡಲು ಮೂರು ಸಲ ಹೋದೆ. ಒಂದು ಸಲ ಕರೆಂಟಿಲ್ಲ, ಮರ ಬಿದ್ದಿತ್ತು. ಒಂದು ಸಲ ಕರೆಂಟಿತ್ತು, ಸರ್ವರ್ ಇಲ್ಲ. ಒಂದು ಸಲ ಎರಡೂ ಇದ್ದು ಪಿಡಿಓ ಇಲ್ಲ. ರಾತ್ರಿ ಆನೆ ದಾಟಿದ ಕಡೆ ಪೈಪ್‌ಲೈನ್ ಒಡೆದಿತ್ತು, ನೋಡಲು ಹೋಗಿದ್ದರು. ಕಾಯುತ್ತ ಕೂತಾಗ ಕಂಪ್ಯೂಟರಿನ ಹುಡುಗ ತೋರಿಸಿದ, ಪಂಚಾಯಿತಿಗಳ ಲೆಕ್ಕವೆಲ್ಲ ಇಡುವ ತಂತ್ರಾಂಶಕ್ಕೆ ಸರ್ಕಾರ ಇಟ್ಟಿರುವ ಹೆಸರು 'ಪಂಚತಂತ್ರ'. ಹನ್ನೊಂದನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಎತ್ತನ್ನೂ ಸಿಂಹವನ್ನೂ ನರಿಗಳು ಸೇರಿ ಕೆಡಿಸುತ್ತವೆ. ಇಲ್ಲಿ ನರಿ ಯಾರು? ತಂತ್ರಾಂಶದ ತಪ್ಪೇನೂ ಇರಲಿಲ್ಲ. ಅದಕ್ಕೆ ಹೇಳಿದ್ದನ್ನು ಅದು ಬರೆದುಕೊಂಡಿತ್ತು. ಹೇಳಿದವಳು ಮನೆಯಲ್ಲಿ ಪತ್ರೊಡೆಗೆ ಕೆಸುವಿನೆಲೆ ಆರಿಸುತ್ತಿದ್ದಳು.

ನಾಲ್ಕನೇ ಸಲ ಪಿಡಿಓ ಸಿಕ್ಕರು. ವಯಸ್ಸಿನಲ್ಲಿ ಚಿಕ್ಕವರು, ಮೈಸೂರು ಕಡೆಯವರು, ನೆಗಡಿ ಹಿಡಿದಿತ್ತು. 199ನೇ ಪ್ರಕರಣ ಎಂದು ಬಾಯಿ ತೆರೆದೆ. "ಗೊತ್ತು ಸಾರ್, ಬಂದು ನೋಡ್ತೀನಿ" ಎಂದು ಮುಗಿಸಿಬಿಟ್ಟರು. ಬಾಯಿಪಾಠ ಮಾಡಿದ್ದೆಲ್ಲ ಬಾಯಲ್ಲೇ ಉಳಿಯಿತು.

ಸ್ಥಳ ತನಿಖೆಯ ಹಿಂದಿನ ದಿನ ರಾತ್ರಿ ಅಮ್ಮನನ್ನು ಕೂರಿಸಿಕೊಂಡು ಹೇಳಿದೆ. ನಾಳೆ ಅವರು ಬಂದಾಗ ಏನೂ ಮಾತಾಡಬೇಡ. ಮನೆ ಹಳೇದು, ಸೋರುತ್ತೆ, ಅಷ್ಟೆ. ಅಮ್ಮ ಹ್ಞೂಂ ಅಂದಳು. ಬೆಳಗ್ಗೆ ಎದ್ದು ನೋಡಿದರೆ ಜಗಲಿ ಸಾರಿಸಿ ರಂಗೋಲಿ. ನಾನು ಬೇಕೆಂದೇ ಸೋರುವ ಕಡೆ ಇಟ್ಟಿದ್ದ ಬಕೆಟ್ಟುಗಳು ಮಾಯ. ಕಂಬಗಳು ಎಣ್ಣೆ ಕುಡಿದು ಮಿಂಚುತ್ತಿದ್ದವು.

"ಮನೆಗೆ ಜನ ಬರ್ತಾರೆ ಅಂದ್ರೆ ಹಾಗೇ ಬಿಡೋಕ್ಕಾಗುತ್ತೇನೋ?"

ಪಿಡಿಓ, ಬಿಲ್ ಕಲೆಕ್ಟರ್, ಟೇಪು ಹಿಡಿಯಲು ಒಬ್ಬ ಹುಡುಗ ಬಂದರು. ಒಬ್ಬೊಬ್ಬರೂ ಕಾಲು ಕೊಡವಿ ಇಂಬಳ ತೆಗೆದು ಒಳಗೆ ಬಂದರು. ನಾನು ಮೊದಲು ವಯಸ್ಸಿನ ವಿಷಯ ಎತ್ತಿದೆ. ಕಟ್ಟಡಕ್ಕೆ ವಯಸ್ಸಾದಷ್ಟೂ ಸವಕಳಿ. ಬಿಚ್ಚಿಟ್ಟಿದ್ದ ಒಂದು ಹೆಂಚು ತಂದು ಬೆನ್ನು ತಿರುಗಿಸಿ ತೋರಿಸಿದೆ. ಬಾಸೆಲ್ ಮಿಷನ್, 1865 ಎಂದು ಅಚ್ಚು. "ನೋಡಿ ಸಾರ್, ನೂರೈವತ್ತು ವರ್ಷ ದಾಟಿದೆ."

ಪಿಡಿಓ ಮೂಗು ಒರೆಸಿಕೊಂಡು ನಕ್ಕರು. "ಅದು ಮಂಗಳೂರಿನಲ್ಲಿ ಅವರು ಫ್ಯಾಕ್ಟರಿ ಶುರು ಮಾಡಿದ ಇಸವಿ ಸಾರ್. ನಾನು ಓದಿದ ಸ್ಕೂಲಿನ ಹೆಂಚಿನ ಮೇಲೂ ಇದೇ ಇತ್ತು."

ಮೊದಲ ಸಾಕ್ಷಿ ಹೀಗೆ ಬಿತ್ತು. ಕಣಕ್ಕೆ ಹೋದೆವು. ಅಲ್ಲಿ ವಾದ ಮಾಡುವ ಅಗತ್ಯವೇ ಬೀಳಲಿಲ್ಲ. ಹಸಿರು ಮಖಮಲ್ಲಿನಂತೆ ಪಾಚಿ ಹಾಸಿತ್ತು, ನಡುವೆ ಎರಡಿಂಚು ನೀರು, ನೀರಿನಲ್ಲಿ ಕಪ್ಪೆ. ಪಿಡಿಓ ಅಂಚಿನಲ್ಲೇ ನಿಂತು "ಕಟ್ಟಡ ಎಲ್ಲಿ?" ಅಂದರು. ಬಿಲ್ ಕಲೆಕ್ಟರ್ ನನ್ನ ಮುಖ ನೋಡಿದ, ನಾನು ಕಪ್ಪೆಯ ಮುಖ ನೋಡಿದೆ. ಅವರು ಅಲ್ಲೇ ಛತ್ರಿಯ ಕೆಳಗೆ 2,400ರ ಮೇಲೆ ಗೆರೆ ಎಳೆದರು. ನಾಯಿಗೂಡಿನ ಮುಂದೆ ನಾಯಿ ಬೊಗಳಿತು, ಹತ್ತಿರ ಹೋಗದೆ 24ನ್ನೂ ಹೊಡೆದುಹಾಕಿದರು.

ಗೆಲುವಿನ ಹುರುಪಿನಲ್ಲಿ ಅಟ್ಟಕ್ಕೆ ಕರೆತಂದೆ. ಟೇಪಿನ ಹುಡುಗ ಏಣಿ ಹತ್ತಿದ. ಅಮ್ಮ ಕೆಳಗಿನಿಂದ, "ಹುಷಾರು ಕಣಪ್ಪ, ಮಹಡಿ ಮೇಲೆ ಮೂಟೆ ಇದೆ" ಎಂದಳು. ಮಹಡಿ ಎಂಬ ಮಾತು ನಂಬಿ ಆ ಹುಡುಗ ನೆಟ್ಟಗೆ ಎದ್ದು ನಿಂತ. ತೊಲೆಗೆ ಹಣೆ ತಗುಲಿದ ಸದ್ದಿಗೆ ಎರಡು ಇಲಿ ಕೆಳಕ್ಕೆ ಹಾರಿದವು. ಹುಡುಗ ಹಣೆ ಹಿಡಿದುಕೊಂಡೇ ಮೇಲಿನಿಂದ ಕೂಗಿದ, "ನಾಲ್ಕಡಿ ಸಾರ್!"

"ಟೇಪು ಹಿಡಿದು ನೋಡಿದ್ಯಾ?"

"ಬೇಡ ಸಾರ್."

ಅಮ್ಮ ಅವನನ್ನು ಕೂರಿಸಿ ಹಣೆಗೆ ಕಾಫಿಪುಡಿ ಮೆತ್ತಿದಳು. ಪಿಡಿಓ 'ಅಟ್ಟ, ವಾಸಯೋಗ್ಯವಲ್ಲ' ಎಂದು ಬರೆದುಕೊಂಡರು. ಹೋದ ವರ್ಷದ 850ರ ಅಸಲಿಗೆ ವಾಪಸು ಬಂದಂತಾಯಿತು. ನಾನು ಒಳಗೊಳಗೇ ಮೇಷ್ಟ್ರಿಗೆ ಕೈಮುಗಿದೆ. ಇನ್ನು ಕಾಫಿ ಕುಡಿದು ಹೊರಡುವುದೊಂದೇ ಬಾಕಿ.

ಬಿಸಿ ಪತ್ರೊಡೆ ಬಂತು, ಕಡುಬು ಬಂತು, ಕಳಲೆ ಪಲ್ಯ ಬಂತು. ಪಿಡಿಓ ಕೈ ತೊಳೆಯಲು ಎದ್ದರು. ಬಚ್ಚಲು ಅಂಗಳ ದಾಟಿ ಆಚೆಗಿದೆ, ಮಳೆ ಸುರಿಯುತ್ತಿದೆ. ಅಮ್ಮ ಅಂದಳು:

"ಅಲ್ಲಿಗ್ಯಾಕಪ್ಪ ಈ ಮಳೇಲಿ, ನೆಗಡಿ ಬೇರೆ. ಇಲ್ಲಿ ಬನ್ನಿ. ನನ್ನ ಮಗ ಹಿಂದುಗಡೆ ಹೊಸ ರೂಮು ಕಟ್ಟಿಸಿದ್ದಾನೆ, ಅಟ್ಯಾಚ್ಡ್ ಬಾತ್‌ರೂಮು. ಟೈಲ್ಸ್ ಹಾಕಿಸಿದ್ದಾನೆ. ಗೀಸರ್ ಇದೆ, ಬಿಸಿನೀರು ಬರುತ್ತೆ."

ಬ್ಯಾಂಕಿನ ಸಾಲ ಯಾಕೆ ತೆಗೆದಿದ್ದೆ ಎಂದು ನಾನು ಇಲ್ಲಿಯವರೆಗೆ ಹೇಳದೆ ಇದ್ದದ್ದಕ್ಕೆ ಓದುಗರ ಕ್ಷಮೆ ಇರಲಿ. ಪಂಚಾಯಿತಿಗೂ ಹೇಳಿರಲಿಲ್ಲ. ಸರ್ವೇ ಹುಡುಗರು ಬಂದ ದಿನ ಆ ಭಾಗದ ಬೀಗದ ಕೈ ನನ್ನ ಜೇಬಿನಲ್ಲಿ ಹಾಸನದ ಮದುವೆಗೆ ಹೋಗಿತ್ತು. ಇಲ್ಲದಿದ್ದರೆ ಅದೂ ಅಂದೇ ಬರೆಸಿಹೋಗಿರುತ್ತಿತ್ತು. ಸಕಲೇಶಪುರದ ಸುತ್ತಮುತ್ತ ಎಲ್ಲರೂ ಹೋಂಸ್ಟೇ ಮಾಡುತ್ತಿದ್ದಾರೆ, ನಾವೂ ಒಂದು ರೂಮಿನಿಂದ ಶುರು ಮಾಡೋಣ ಎಂಬ ಆಸೆ. ಇನ್ನೂ ಒಬ್ಬ ಅತಿಥಿಯೂ ಬಂದಿರಲಿಲ್ಲ. ಮೊದಲ ಅತಿಥಿಯಾಗಿ ಪಿಡಿಓ ಒಳಗೆ ಹೋಗಿ, ಬಿಸಿನೀರಿನಲ್ಲಿ ಕೈ ತೊಳೆದು, ಮುಖವನ್ನೂ ತೊಳೆದು, ಹೊಸ ಟವೆಲಿನಲ್ಲಿ ಒರೆಸಿಕೊಂಡು ಹೊರಗೆ ಬಂದರು.

"ಚೆನ್ನಾಗಿದೆ ಸಾರ್" ಅಂದರು.

ಚೆನ್ನಾಗಿದೆ ಎಂಬ ಆ ಮಾತನ್ನು ಬಾಯಲ್ಲಿ ತರಬಾರದು ಎಂದು ಮೇಷ್ಟ್ರು ನನಗಷ್ಟೇ ಹೇಳಿದ್ದರು.

ಆಮೇಲೆ ಬಿಲ್ ಕಲೆಕ್ಟರ್ ಕಡೆ ತಿರುಗಿ, "ಟೇಪು ತಗೊಳ್ಳಪ್ಪ" ಅಂದರು. ಹಣೆಗೆ ಕಾಫಿಪುಡಿ ಮೆತ್ತಿಕೊಂಡಿದ್ದ ಹುಡುಗ ಎದ್ದ. ಈ ಸಲ ಟೇಪು ಹಿಡಿದೇ ಅಳೆದ, ಗೋಡೆಯ ದಪ್ಪವನ್ನೂ ಬಿಡಲಿಲ್ಲ.

ಮೂರು ವಾರಕ್ಕೆ ಪರಿಷ್ಕೃತ ನೋಟಿಸ್ ಬಂತು. ಅಸಲು 1,250, ಕರಗಳು ಸೇರಿ 1,675 ರೂಪಾಯಿ. ಅಟ್ಟ ಇಲ್ಲ, ಕಣ ಇಲ್ಲ, ನಾಯಿ ಇಲ್ಲ. ಹೊಸ ರೂಮು ಇದೆ. ಭಿಕ್ಷುಕರ ಬಾಬ್ತು 37 ರೂಪಾಯಿ 50 ಪೈಸೆ. ಅನ್ಯಾಯ ಅನ್ನುವ ಹಾಗಿಲ್ಲ, ಗೆದ್ದೆ ಅನ್ನುವ ಹಾಗೂ ಇಲ್ಲ. ಮಾರನೇ ದಿನವೇ ಹೋಗಿ ಕಟ್ಟಿ ರಸೀದಿ ತಂದೆ.

ಅಮ್ಮ ಕನ್ನಡಕ ಹಾಕಿಕೊಂಡು ನೋಟಿಸ್ ಪೂರ್ತಿ ಓದಿಸಿಕೊಂಡಳು. 'ಹಳೆಯ ಹೆಂಚಿನ ಕಟ್ಟಡ, ನೆಲ ಅಂತಸ್ತು ಮಾತ್ರ' ಎಂಬಲ್ಲಿ ಕೈ ಹಿಡಿದು ನಿಲ್ಲಿಸಿದಳು.

"ಮಹಡಿ ಎಲ್ಲಿ?"

"ತೆಗೆಸಿದೆ ಕಣಮ್ಮ. ಅದಕ್ಕೇ ಅಲ್ವಾ ಇಷ್ಟು ಓಡಾಡಿದ್ದು."

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಮಳೆ ನೋಡುತ್ತ ಕೂತಿದ್ದಳು. ಆಮೇಲೆ ಒಳಗೆ ಹೋಗಿ, ಅಕ್ಕಿ ಡಬ್ಬದಿಂದ ಕರವಸ್ತ್ರದ ಗಂಟು ತೆಗೆದುಕೊಂಡು ಬಂದಳು. ಹಿತ್ತಿಲಿನ ಎರಡು ಬಳ್ಳಿ ಮೆಣಸು ಅಪ್ಪನ ಕಾಲದಿಂದಲೂ ಆಕೆಯದು. ಆ ದುಡ್ಡು ಯಾರೂ ಕೇಳುವ ಹಾಗಿಲ್ಲ. ಗಂಟು ಬಿಚ್ಚಿ ನನ್ನ ಮುಂದಿಟ್ಟಳು.

"ಎಷ್ಟಾದ್ರೂ ಆಗಲಿ, ನಾನು ಕಟ್ತೀನಿ. ನಾಳೆ ಹೋಗಿ ಮಹಡಿ ಬರೆಸ್ಕೊಂಡು ಬಾ."